ಗಾಡಿಯೊಳಗೆ ಪೆಟ್ರೋಲ್ ವಾಸನೆ: ಯಾವಾಗ ಬರ್ತದೆ, ಬರೆದಿಡಿ

ತೋಟದ ಮನೆಗಳಲ್ಲಿ ಹಳೇ ಒಮ್ನಿ, ಹಳೇ ಮಾರುತಿ 800 ಇನ್ನೂ ಧಾರಾಳ ಇವೆ. 800ರ ತಯಾರಿ ನಿಂತದ್ದು 2014ರಲ್ಲಿ, ಒಮ್ನಿಯದ್ದು 2019ರಲ್ಲಿ. ಆದರೆ ನಮ್ಮ ಕಡೆ ಗಾಡಿಗೆ ನಿವೃತ್ತಿ ಅಂತ ಇಲ್ಲ. ಬೆಳಿಗ್ಗೆ ಡೈರಿಗೆ ಹಾಲು, ಮಧ್ಯಾಹ್ನ ಪೇಟೆಗೆ ಅಡಿಕೆ, ಬರುವಾಗ ಹಿಂಡಿ, ಸಂಜೆ ಬಸ್ಸಿಳಿದ ಮಕ್ಕಳು. ಎಲ್ಲಕ್ಕೂ ಅದೇ ಗಾಡಿ. ಒಳಗೆ ಪೆಟ್ರೋಲ್ ವಾಸನೆ ಬಂದರೆ "ಹಳೇ ಗಾಡಿ ಅಲ್ವಾ, ಸ್ವಲ್ಪ ಇರ್ತದೆ" ಎಂದು ಕಿಟಕಿ ಇಳಿಸಿ ಮುಂದೆ ಹೋಗುವವರೇ ಹೆಚ್ಚು.

ಇದು ಹಾಗೆ ಬಿಡುವ ವಿಷಯ ಅಲ್ಲ. ಪೆಟ್ರೋಲ್ ಸೊನ್ನೆಗಿಂತ 40 ಡಿಗ್ರಿ ಕೆಳಗಿನ ಚಳಿಯಲ್ಲೂ ಹೊತ್ತಿಕೊಳ್ಳುವಷ್ಟು ಆವಿ ಬಿಡುತ್ತದೆ. ಸೀಮೆಎಣ್ಣೆಯ ಹಾಗೆ ಬಿಸಿಯಾಗುವವರೆಗೆ ಕಾಯುವ ಜಾತಿ ಅಲ್ಲ. ಅದರ ಆವಿ ಗಾಳಿಗಿಂತ ಮೂರು-ನಾಲ್ಕು ಪಟ್ಟು ಭಾರ. ಮೇಲೆ ಹಾರಿಹೋಗದೆ ನೆಲದ ಮೇಲೆಯೇ ಹರಿದು ತಗ್ಗಿನಲ್ಲಿ ನಿಲ್ಲುತ್ತದೆ. ಗಾಳಿಯಲ್ಲಿ ನೂರಕ್ಕೆ ಒಂದೂವರೆ ಪಾಲು ಇದ್ದರೂ ಕಿಡಿಗೆ ಸಾಕು. ನಮ್ಮ ಶೆಡ್ಡುಗಳು ಎಲ್ಲಿರುತ್ತವೆ ನೋಡಿ. ಒಂದು ಬದಿಗೆ ಹಟ್ಟಿ, ಇನ್ನೊಂದು ಬದಿಗೆ ಬಚ್ಚಲ ಒಲೆ, ಅಟ್ಟದಲ್ಲಿ ಒಣಹುಲ್ಲು. ಅದರ ಮೇಲೆ ಒಮ್ನಿಯಲ್ಲಿ ಇಂಜಿನ್ ಇರುವುದೇ ಎದುರು ಸೀಟಿನ ಅಡಿಯಲ್ಲಿ. ಇನ್ನೊಂದು, ಪೆಟ್ರೋಲಿನಲ್ಲಿ ಬೆಂಜೀನ್ ಎಂಬ ವಸ್ತು ಇದೆ. ಕ್ಯಾನ್ಸರ್ ತರುವಂಥದ್ದು ಎಂದು ಖಚಿತವಾದದ್ದು ಅದು. ದಿನವೂ ಮಕ್ಕಳಿಗೆ ಅದನ್ನು ಕುಡಿಸುವುದು ಯಾಕೆ?

ನನ್ನದು 1998ರ ಒಮ್ನಿ, ಕಾರ್ಬರೇಟರಿನದ್ದು. 2024ರ ಮಳೆಗಾಲ ಕಳೆದ ಮೇಲೆ ವಾಸನೆ ಶುರುವಾಯಿತು. ಮಗಳಿಗೆ ಪೇಟೆ ಮುಟ್ಟುವಷ್ಟರಲ್ಲಿ ತಲೆನೋವು. ಒಂದು ಗ್ಯಾರೇಜಿನಲ್ಲಿ ಕಾರ್ಬರೇಟರ್ ಬಿಚ್ಚಿ ತೊಳೆದು ಹೊಸ ಕಿಟ್ ಹಾಕಿದರು. ನಾಲ್ಕು ದಿನ ವಾಸನೆ ಇಲ್ಲ, ಐದನೇ ದಿನ ಮತ್ತೆ ಹಾಜರು. ಇನ್ನೊಂದು ಗ್ಯಾರೇಜಿನವರು ಬಾನೆಟ್ಟೂ ಎತ್ತದೆ, ಅಂದರೆ ನಮ್ಮಲ್ಲಿ ಸೀಟೂ ಎತ್ತದೆ, "ಪಂಪ್ ಹೋಗಿದೆ, ಬದಲಿಸುವ" ಎಂದರು. ಆಗ ಭಾವ ಬಂದರು. ಮೂವತ್ತು ವರ್ಷ ಮೆಕ್ಯಾನಿಕ್ ಕೆಲಸ ಮಾಡಿ ಈಗ ಊರಿಗೆ ಬಂದು ತೋಟ ನೋಡಿಕೊಳ್ಳುವವರು. ಅವರು ಗಾಡಿಯ ಹತ್ತಿರವೂ ಹೋಗಲಿಲ್ಲ. ಜಗಲಿಯಲ್ಲೇ ಕೂತು ಕೇಳಿದ್ದು ಒಂದೇ:

"ವಾಸನೆ ಯಾವಾಗ ಬರ್ತದೆ?"

"ಬರ್ತಾ ಇರ್ತದೆ ಭಾವ, ಹೊತ್ತುಗೊತ್ತು ಇಲ್ಲ."

"ಹೊತ್ತುಗೊತ್ತು ಇಲ್ಲದೆ ಬರುವುದು ನೆಂಟರು ಮಾತ್ರ. ಕ್ಯಾಲೆಂಡರಲ್ಲಿ ಹಾಲಿನ ಲೆಕ್ಕ ಬರೀತಿಯಲ್ಲ, ಅದರ ಪಕ್ಕದಲ್ಲೇ ಇದನ್ನೂ ಬರಿ. ಟ್ಯಾಂಕಲ್ಲಿ ಎಷ್ಟು ಉಂಟು, ಇಂಜಿನ್ ಓಡ್ತಾ ಉಂಟಾ ನಿಂತಿದೆಯಾ, ಬಿಸಿಲಾ ನೆರಳಾ, ಇಷ್ಟು. ಒಂದು ವಾರ."

ಅವರು ಹೇಳಿಕೊಟ್ಟದ್ದು, ಆ ಮೇಲೆ ನಾವಿಬ್ಬರೂ ಕೂತು ಹುಡುಕಿದ್ದು, ಅಕ್ಕಪಕ್ಕದ ನಾಲ್ಕೈದು ಗಾಡಿಗಳಲ್ಲಿ ಕಂಡದ್ದು ಎಲ್ಲ ಸೇರಿಸಿ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಗಾಡಿ ಖಾಲಿ ಮಾಡಿ

ನಮ್ಮ ಗಾಡಿಗಳ ಹಿಂಬದಿಯಲ್ಲಿ ಏನೇನಿರುತ್ತದೆ ಎಂದು ಹೇಳಬೇಕಾಗಿಲ್ಲ. ಹುಲ್ಲು ಕತ್ತರಿಸುವ ಯಂತ್ರ, ಅದಕ್ಕೆ ಆಯಿಲ್ ಬೆರೆಸಿದ ಪೆಟ್ರೋಲಿನ ಕ್ಯಾನು, ಔಷಧಿ ಬಿಡುವ ಪಂಪು. ಕಳೆ ಯಂತ್ರವನ್ನು ಅಡ್ಡ ಮಲಗಿಸಿದರೆ ಟ್ಯಾಂಕಿನ ಮುಚ್ಚಳದಿಂದ ಜಿನುಗಿಯೇ ಜಿನುಗುತ್ತದೆ. ಕ್ಯಾನಿನ ಮುಚ್ಚಳದ ವಾಶರ್ ಎಲ್ಲೋ ಬಿದ್ದುಹೋಗಿರುತ್ತದೆ. ನಮ್ಮ ನೆರೆಯವರೊಬ್ಬರು ಎರಡು ತಿಂಗಳು ಕಾರಿಗೆ ಚಿಕಿತ್ಸೆ ಮಾಡಿಸಿದರು. ರೋಗ ಇದ್ದದ್ದು ಕಳೆ ಯಂತ್ರದಲ್ಲಿ!

ಆದ್ದರಿಂದ ಎಲ್ಲ ಇಳಿಸಿ. ಮ್ಯಾಟ್ ತೆಗೆದು ಸಾಬೂನು ಹಾಕಿ ತೊಳೆಯಿರಿ. ಒಂದಿಡೀ ದಿನ ಎಲ್ಲ ಬಾಗಿಲು ತೆರೆದು ಬಿಸಿಲಿನಲ್ಲಿ ನಿಲ್ಲಿಸಿ. ಚೆಲ್ಲಿದ ಪೆಟ್ರೋಲ್ ಒಣಗಿದರೂ ಬಟ್ಟೆ-ಸ್ಪಂಜಿನಲ್ಲಿ ವಾಸನೆ ದಿನಗಟ್ಟಲೆ ಉಳಿಯುತ್ತದೆ, ಆಯಿಲ್ ಬೆರೆಸಿದ್ದಂತೂ ಇನ್ನೂ ಹೆಚ್ಚು. ಇಷ್ಟು ಮಾಡಿಯೂ ಮಾರನೇ ದಿನ ವಾಸನೆ ಬಂದರೆ ಮಾತ್ರ ಅದು ಗಾಡಿಯದ್ದು.

ಹೊತ್ತು ಹೇಳುವ ಸುಳಿವು

ಪೆಟ್ರೋಲಿನ ದಾರಿ ಒಮ್ಮೆ ಮನಸ್ಸಿನಲ್ಲಿ ಇಟ್ಟುಕೊಂಡರೆ ಒಳ್ಳೆಯದು. ಟ್ಯಾಂಕಿನ ಬಾಯಿಂದ ಒಂದು ದಪ್ಪ ರಬ್ಬರ್ ಪೈಪು ಟ್ಯಾಂಕಿಗೆ. ಅದರ ಜೊತೆಗೇ ಟ್ಯಾಂಕಿನ ಗಾಳಿ ಹೊರಡಲಿಕ್ಕೆ ಒಂದು ಸಪೂರ ಪೈಪು. ಟ್ಯಾಂಕಿನಿಂದ ಇಂಜಿನಿನತ್ತ ಲೋಹದ ಕೊಳವೆ, ಕೊನೆಗಳಲ್ಲಿ ರಬ್ಬರ್ ತುಂಡು. ಫಿಲ್ಟರ್, ಪಂಪ್, ಕಾರ್ಬರೇಟರ್. ಹೆಚ್ಚಾದ ಪೆಟ್ರೋಲ್ ಟ್ಯಾಂಕಿಗೆ ವಾಪಸ್ ಹೋಗಲು ಒಂದು ರಿಟರ್ನ್ ಪೈಪು. ಎಲ್ಲೆಲ್ಲಿ ರಬ್ಬರ್ ಲೋಹವನ್ನು ಸೇರುತ್ತದೋ ಅಲ್ಲೆಲ್ಲ ಸಂಶಯ ಇಟ್ಟುಕೊಳ್ಳಬಹುದು.

ಟ್ಯಾಂಕ್ ತುಂಬಿಸಿದ ದಿನ ಮತ್ತು ಮಾರನೇ ದಿನ ವಾಸನೆ ಜೋರು, ಮುಕ್ಕಾಲಿಗಿಂತ ಇಳಿದ ಮೇಲೆ ಇಲ್ಲ. ಹೀಗಿದ್ದರೆ ತೊಂದರೆ ಟ್ಯಾಂಕಿನ ಮೇಲ್ಭಾಗದ್ದು. ಮುಚ್ಚಳದ ವಾಶರ್, ಬಾಯಿಯ ದಪ್ಪ ಪೈಪು, ಗಾಳಿಯ ಸಪೂರ ಪೈಪು, ಈ ಮೂರನ್ನೇ ನೋಡಬೇಕು. ನನ್ನ ಕ್ಯಾಲೆಂಡರ್ ಹೇಳಿದ್ದು ಇದನ್ನೇ. ಗ್ಯಾರೇಜಿನಿಂದ ಬಂದ ನಾಲ್ಕು ದಿನ ವಾಸನೆ ಇಲ್ಲದ್ದು ಯಾಕೆಂದೂ ಆಗ ಗೊತ್ತಾಯಿತು. ಆ ನಾಲ್ಕು ದಿನ ಟ್ಯಾಂಕಿನಲ್ಲಿ ಇದ್ದದ್ದೇ ಎಂಟು-ಹತ್ತು ಲೀಟರ್. ಐದನೇ ದಿನ ಅಡಿಕೆ ಕೊಟ್ಟ ಹಣ ಕೈಯಲ್ಲಿತ್ತು, ಫುಲ್ ಮಾಡಿಸಿದ್ದೆ.

ಇಲ್ಲೊಂದು ಮಾತು. ಬಂಕಿನಲ್ಲಿ ಪಂಪ್ ತಾನಾಗಿ ಕಟ್ ಆದ ಮೇಲೂ "ರೌಂಡ್ ಮಾಡಿ" ಎಂದು ಬಾಯಿವರೆಗೆ ತುಂಬಿಸುವ ಅಭ್ಯಾಸ ಬಹಳ ಜನರಿಗೆ. ಪೆಟ್ರೋಲ್ ಬರುವುದು ನೆಲದಡಿಯ ತಂಪು ಟ್ಯಾಂಕಿನಿಂದ. ಅದು ಬಿಸಿಲಿಗೆ 10 ಡಿಗ್ರಿ ಏರಿದರೆ ನೂರಕ್ಕೆ ಒಂದು ಪಾಲಿನಷ್ಟು ಹಿಗ್ಗುತ್ತದೆ. 30 ಲೀಟರಿಗೆ ಹತ್ತಿರ ಹತ್ತಿರ 300 ಮಿಲಿ. ಬಾಯಿವರೆಗೆ ತುಂಬಿದ್ದರೆ ಅದು ಹೋಗುವುದೆಲ್ಲಿಗೆ? ಮುಚ್ಚಳದ ಸಂದಿನಿಂದ ಹೊರಗೆ. ಇದಕ್ಕೆ ರಿಪೇರಿ ಬೇಡ, ಕಟ್ ಆದಲ್ಲಿಗೆ ನಿಲ್ಲಿಸಿದರೆ ಸಾಕು.

ಇಂಜಿನ್ ಓಡುವಾಗ ಮಾತ್ರ ವಾಸನೆ ಇದ್ದರೆ ಪಂಪಿನಿಂದ ಕಾರ್ಬರೇಟರಿಗೆ ಹೋಗುವ ಭಾಗ ಅಥವಾ ರಿಟರ್ನ್ ಪೈಪು. ಓಡುವಾಗ ಅಲ್ಲಿ ಒತ್ತಡ ಇರುತ್ತದೆ, ನಿಲ್ಲಿಸಿದ ಕೂಡಲೇ ಜಿನುಗು ನಿಂತು ಒಣಗಿಯೂ ಬಿಡುತ್ತದೆ. ಅದಕ್ಕೇ ನಿಂತ ಗಾಡಿಯಲ್ಲಿ ಹುಡುಕಿದರೆ ಏನೂ ಸಿಗುವುದಿಲ್ಲ.

ದೂರ ಓಡಿಸಿ ಬಂದು ನಿಲ್ಲಿಸಿದ ಹತ್ತು-ಹದಿನೈದು ನಿಮಿಷ ಸಣ್ಣಗೆ ವಾಸನೆ ಬಂದು ಹೋದರೆ ಕಾರ್ಬರೇಟರ್ ಗಾಡಿಗಳಲ್ಲಿ ಅದು ಇದ್ದದ್ದೇ. ಬಿಸಿ ಇಂಜಿನ್ ಕಾರ್ಬರೇಟರಿನ ಬಟ್ಟಲಿನ ಪೆಟ್ರೋಲನ್ನು ಆವಿ ಮಾಡುತ್ತದೆ. ಆದರೆ ಬೆಳಿಗ್ಗೆವರೆಗೂ ಶೆಡ್ಡಿನಲ್ಲಿ ವಾಸನೆ ನಿಂತಿದ್ದರೆ ಅದು ಬೇರೆ.

ಸ್ಟಾರ್ಟ್ ಮಾಡಲು ಕಷ್ಟ, ಸ್ಟಾರ್ಟ್ ಆದರೆ ಕಪ್ಪು ಹೊಗೆ, ಮೈಲೇಜ್ ಬಿದ್ದಿದೆ, ಜೊತೆಗೆ ವಾಸನೆ. ಇದು ಕಾರ್ಬರೇಟರ್ ಉಕ್ಕುವ ಲಕ್ಷಣ. ಬಟ್ಟಲು ತುಂಬಿದ ಕೂಡಲೇ ಪೆಟ್ರೋಲನ್ನು ತಡೆಯಬೇಕಾದ ಸೂಜಿಯಂಥ ವಾಲ್ವಿನ ಕೆಳಗೆ ಕಸ ಸಿಕ್ಕಿಕೊಂಡಿರುತ್ತದೆ, ಇಲ್ಲವೇ ತೇಲುವ ಫ್ಲೋಟಿಗೆ ತೂತು ಬಿದ್ದು ಅದು ಮುಳುಗಿರುತ್ತದೆ. ಬಿಚ್ಚಿದ ಫ್ಲೋಟನ್ನು ಕಿವಿಯ ಹತ್ತಿರ ಅಲುಗಿಸಿ, ಒಳಗೆ ಪೆಟ್ರೋಲ್ ಇದ್ದರೆ ಎಳನೀರಿನ ಹಾಗೆ ಕುಲುಕುತ್ತದೆ.

ವಾಸನೆ ಹೊಗೆಕೊಳವೆಯ ಹತ್ತಿರ ಮಾತ್ರ, ಇಂಜಿನ್ ಗಡಗಡ ನಡುಗುತ್ತದೆ ಅಂತಾದರೆ ಒಂದು ಪ್ಲಗ್ ಉರಿಯುತ್ತಿಲ್ಲ. ಪೆಟ್ರೋಲ್ ಹಸಿಯಾಗಿಯೇ ಹೊರಗೆ ಬರುತ್ತಿದೆ.

ಇನ್ನು ಯಾರೂ ನೋಡದ ಒಂದು ಜಾಗ ಇದೆ. ಆಯಿಲ್ ನೋಡುವ ಕಡ್ಡಿ. ಹಳೇ ಗಾಡಿಯ ಪಂಪ್ ಇಂಜಿನ್ನಿಗೇ ತಾಗಿಕೊಂಡು, ಇಂಜಿನ್ನಿನ ತಿರುಗುವಿಕೆಯಿಂದಲೇ ಓಡುವಂಥದ್ದು. ಅದರೊಳಗಿನ ರಬ್ಬರ್ ಪೊರೆ, ಡಯಾಫ್ರಂ ಅನ್ನುತ್ತಾರೆ, ಹರಿದರೆ ಪೆಟ್ರೋಲ್ ಇಂಜಿನ್ ಆಯಿಲಿಗೆ ಇಳಿಯುತ್ತದೆ. ಕಡ್ಡಿ ಎಳೆದು ಮೂಸಿ ನೋಡಿ. ಆಯಿಲ್ ನೀರುನೀರಾಗಿ, ಮಟ್ಟ ಮೊದಲಿಗಿಂತ ಮೇಲೆ ಬಂದು, ಪೆಟ್ರೋಲಿನ ವಾಸನೆ ಹೊಡೆದರೆ ಗಾಡಿ ಓಡಿಸಲೇಬೇಡಿ. ಬೇರಿಂಗಿಗೆ ಜಿಡ್ಡು ಸಿಗದೆ ಇಂಜಿನ್ ಕಚ್ಚಿಕೊಳ್ಳುತ್ತದೆ, ಬೆಂಕಿಯ ಅಪಾಯ ಬೇರೆ. ಪಂಪೂ ಬದಲಿಸಬೇಕು, ಆಯಿಲೂ ಬದಲಿಸಬೇಕು. ನನ್ನ ಗಾಡಿಯ ಕಡ್ಡಿಯಲ್ಲಿ ಆಯಿಲ್ ಸರಿಯಾಗಿತ್ತು, ಮಟ್ಟವೂ ಏರಿರಲಿಲ್ಲ, ಪಂಪಿನ ಹೊರಮೈ ಧೂಳು ಹಿಡಿದು ಒಣಗಿತ್ತು. ಪಂಪಿನ ಹಣ ಅಲ್ಲಿಗೆ ಉಳಿಯಿತು.

ಹುಡುಕುವ ಕ್ರಮ

ಬೆಳಿಗ್ಗೆ, ಇಂಜಿನ್ ತಣ್ಣಗಿರುವಾಗ, ಗಾಡಿಯನ್ನು ಅಂಗಳಕ್ಕೆ ದೂಡಿ ತನ್ನಿ. ಶೆಡ್ಡಿನೊಳಗೆ ಬೇಡ, ಹೊಂಡದ ಮೇಲಂತೂ ಬೇಡವೇ ಬೇಡ. ಬೀಡಿ, ಲೈಟರ್, ಬಚ್ಚಲ ಒಲೆ ಎಲ್ಲ ದೂರ. ಬ್ಯಾಟರಿಯ ನೆಗೆಟಿವ್ ವಯರ್ ಕಳಚಿ. ಟಾರ್ಚ್ ಬೇಕಾದರೆ ಎಲ್‌ಇಡಿಯದ್ದು, ಅದನ್ನೂ ದೂರದಲ್ಲೇ ಹೊತ್ತಿಸಿಕೊಂಡು ಬನ್ನಿ. ಒಂದು ಬಕೆಟ್ ಒಣ ಮರಳು ಪಕ್ಕದಲ್ಲಿರಲಿ. ಹೊತ್ತಿದ ಪೆಟ್ರೋಲಿಗೆ ನೀರು ಹೊಯ್ದರೆ ಅದು ನೀರಿನ ಮೇಲೆ ತೇಲಿಕೊಂಡು ಇನ್ನಷ್ಟು ದೂರ ಹೋಗುತ್ತದೆ.

ಪೆಟ್ರೋಲ್ ಸೋರಿದಲ್ಲಿ ಹನಿ ಕಾಣಲಿ ಎಂದು ಕಾದರೆ ಕಾಣುವುದಿಲ್ಲ, ಬಿದ್ದಷ್ಟೂ ಆರುತ್ತದೆ. ಕಾಣುವುದು ಕಲೆ. ಗಾಡಿಯ ಅಡಿ ಇಡೀ ಧೂಳು ಹಿಡಿದಿರುವಾಗ ಒಂದು ಕಡೆ ಮಾತ್ರ ತೊಳೆದ ಹಾಗೆ ಶುಭ್ರ ಇದ್ದರೆ, ಇಲ್ಲವೇ ಕಂದು ಬಣ್ಣದ ಅಂಟು ಗೆರೆ ಇಳಿದಿದ್ದರೆ, ಅದರ ಮೇಲಕ್ಕೆ ನೋಡುತ್ತಾ ಹೋಗಿ. ಹಳೇ ಬಿಳಿ ಬಟ್ಟೆಯಿಂದ ಪ್ರತಿ ಜೋಡಣೆಯನ್ನೂ ಒರೆಸಿ ಬಟ್ಟೆ ಮೂಸುವುದು ಭಾವ ತೋರಿಸಿಕೊಟ್ಟ ಉಪಾಯ. ಪ್ರತಿ ಜಾಗಕ್ಕೂ ಬಟ್ಟೆಯ ಬೇರೆ ಮೂಲೆ. ನಾಲ್ಕೈದು ಸಲ ಮೂಸಿದ ಮೇಲೆ ಮೂಗು ಸತ್ತುಹೋಗುತ್ತದೆ, ಆಗ ಹೊರಗೆ ಸ್ವಲ್ಪ ನಡೆದಾಡಿ ಬನ್ನಿ, ಇಲ್ಲ ಮನೆಯವರನ್ನು ಕರೆಯಿರಿ. ನಮ್ಮಲ್ಲಿ ಕಡೆಗೆ ಕೆಲಸಕ್ಕೆ ಬಂದದ್ದು ಮಗಳ ಮೂಗು.

ರಬ್ಬರ್ ಪೈಪನ್ನು ಬರೇ ನೋಡಿದರೆ ಸಾಲದು, ಬಗ್ಗಿಸಿ ನೋಡಬೇಕು. ನೇರ ಇರುವಾಗ ಚಂದ ಕಾಣುವ ಪೈಪು ಬಗ್ಗಿಸಿದ ಕೂಡಲೇ ಬಾಯಿ ಬಿಡುತ್ತದೆ. ಹಿಚುಕಿದರೆ ಕಲ್ಲಿನ ಹಾಗೆ ಗಟ್ಟಿ ಇದ್ದರೂ ಹೋದದ್ದೇ, ಹಲಸಿನ ಸೊಳೆಯ ಹಾಗೆ ಮೆತ್ತಗಾಗಿ ಊದಿದ್ದರೂ ಹೋದದ್ದೇ.

ಓಡುವಾಗಿನ ಜಿನುಗು ಹುಡುಕಬೇಕಾದರೆ ಬ್ಯಾಟರಿ ವಯರ್ ಜೋಡಿಸಿ ಒಬ್ಬರು ಸ್ಟಾರ್ಟ್ ಮಾಡಿ, ಇನ್ನೊಬ್ಬರು ದೂರದಿಂದಲೇ ಕಣ್ಣಲ್ಲಿ ನೋಡಬೇಕು. ಹೆಗಲ ಮೇಲಿನ ಬೈರಾಸು ತೆಗೆದಿಟ್ಟು ಬನ್ನಿ, ಬೆಲ್ಟಿಗೆ ಸಿಕ್ಕಿದರೆ ಕತೆ ಬೇರೆ. ಒದ್ದೆ ಕಂಡ ಕೂಡಲೇ ಇಂಜಿನ್ ಬಂದ್.

ನನ್ನದರಲ್ಲಿ ಸಿಕ್ಕಿದ್ದು ಎರಡು. ಟ್ಯಾಂಕಿನ ಗಾಳಿಯ ಸಪೂರ ಪೈಪು ಕ್ಲಿಪ್ಪಿನ ಬುಡದಲ್ಲೇ ಅರ್ಧ ಸುತ್ತು ಬಿರಿದಿತ್ತು. ಟ್ಯಾಂಕ್ ತುಂಬಿದಾಗ ಏರುದಾರಿಯಲ್ಲಿ ಪೆಟ್ರೋಲ್ ಅಲ್ಲಿವರೆಗೆ ತುಳುಕುತ್ತಿತ್ತು. ಕಿಟಕಿ ಇಳಿಸಿದರೆ ವಾಸನೆ ಹೆಚ್ಚಾಗುವುದೂ ಅರ್ಥವಾಯಿತು. ಇಂಥ ಡಬ್ಬಿಯಾಕಾರದ ಗಾಡಿ ಓಡುವಾಗ ಹಿಂದುಗಡೆಯ ಗಾಳಿ ಹಿಂಬಾಗಿಲಿನ ಸಂದಿನಿಂದ ಒಳಗೇ ಎಳೆಯಲ್ಪಡುತ್ತದೆ.

ಎರಡನೆಯದ್ದು ರಿಟರ್ನ್ ಪೈಪಿನ ಮೇಲೆ ಇಲಿಯ ಹಲ್ಲು. ಇನ್ನೂ ತೂತಾಗಿರಲಿಲ್ಲ, ಮುಕ್ಕಾಲು ದಾರಿ ಆಗಿತ್ತು. ಅಡಿಕೆ, ಹಿಂಡಿ, ಭತ್ತ ಇರುವ ಕಡೆ ಇಲಿ ಇಲ್ಲದೆ ಇರುತ್ತದೆಯೇ? ಮಳೆಗಾಲದಲ್ಲಿ ನಾಲ್ಕು ದಿನ ಓಡಿಸದೆ ಇಟ್ಟರೆ ಸೀಟಿನ ಅಡಿಯ ಬೆಚ್ಚಗಿನ ಜಾಗ ಅವುಗಳದ್ದೇ. ಮೂರು-ನಾಲ್ಕು ಎಳೆ ಒಣಹುಲ್ಲು, ಅಡಿಕೆ ಸಿಪ್ಪೆಯ ನಾರು ಇಂಜಿನಿನ ಹತ್ತಿರ ಕಂಡರೆ ಪೈಪುಗಳನ್ನು ಉದ್ದಕ್ಕೂ ನೋಡಿಬಿಡಿ.

ಎಥನಾಲಿನ ಮಾತು

ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ನೂರಕ್ಕೆ ಇಪ್ಪತ್ತರಷ್ಟು ಎಥನಾಲ್. ದೇಶದಲ್ಲಿ ಹತ್ತರ ಮಿಶ್ರಣದ ಗುರಿ ಮುಟ್ಟಿದ್ದು 2022ರಲ್ಲಿ, ಇಪ್ಪತ್ತರದ್ದು ಮಾರಾಟಕ್ಕೆ ಬರಲು ಶುರುವಾದದ್ದು 2023ರಲ್ಲಿ. ಕಬ್ಬು, ಜೋಳ ಬೆಳೆಯುವ ಓದುಗ ಮಿತ್ರರು ಬೇಸರಿಸಬಾರದು, ಅವರ ಬೆಳೆಗೆ ಇದರಿಂದ ಗಿರಾಕಿ ಬಂದದ್ದು ಸಂತೋಷವೇ. ಆದರೆ 1998ರ ಗಾಡಿಯ ರಬ್ಬರು ತಯಾರಾದದ್ದು ಇದಕ್ಕಲ್ಲ. ಕೆಲವು ಜಾತಿಯ ಹಳೇ ರಬ್ಬರ್ ಎಥನಾಲಿಗೆ ಊದುತ್ತದೆ, ಆರಿದಾಗ ಬಿರಿಯುತ್ತದೆ. ಕೆಲವು ಹಳೇ ಗಾಡಿಗಳಲ್ಲಿ 20-30 ಸಾವಿರ ಕಿಲೋಮೀಟರ್ ಓಡಿದ ಮೇಲೆ ರಬ್ಬರ್ ಭಾಗ, ಗ್ಯಾಸ್ಕೆಟ್ ಬದಲಿಸಬೇಕಾದೀತು ಎಂದು ಪೆಟ್ರೋಲಿಯಂ ಇಲಾಖೆಯೇ 2025ರಲ್ಲಿ ಹೇಳಿದೆ.

ಇನ್ನೊಂದು ಗುಣ, ಎಥನಾಲ್ ನೀರು ಹೀರುತ್ತದೆ. ನಮ್ಮ ಕಡೆಯ ಮಳೆಗಾಲದಲ್ಲಿ ಅರ್ಧ ಖಾಲಿ ಟ್ಯಾಂಕಿನ ಗಾಡಿ ತಿಂಗಳುಗಟ್ಟಲೆ ನಿಂತರೆ ನೀರು ಸೇರುತ್ತದೆ. ಮಿತಿ ಮೀರಿದರೆ ನೀರು-ಎಥನಾಲ್ ಬೇರ್ಪಟ್ಟು ತಳಕ್ಕೆ ಇಳಿಯುತ್ತದೆ, ಟ್ಯಾಂಕಿನ ತಗಡು ತುಕ್ಕು ಹಿಡಿಯುತ್ತದೆ. ಆ ತುಕ್ಕಿನ ಹುಡಿಯೇ ಕಾರ್ಬರೇಟರಿನ ಸೂಜಿಯ ಕೆಳಗೆ ಕೂತು ಪೆಟ್ರೋಲ್ ಉಕ್ಕಿಸುವುದು. ಬರೇ ಕಾರ್ಬರೇಟರ್ ತೊಳೆದು ಟ್ಯಾಂಕನ್ನೂ ಫಿಲ್ಟರನ್ನೂ ಹಾಗೇ ಬಿಟ್ಟರೆ ಎರಡು ತಿಂಗಳಿಗೆ ಅದೇ ರಾಮಾಯಣ. ಕಳೆ ಯಂತ್ರಕ್ಕೂ ಇದೇ ಮಾತು, ಕೆಲಸ ಇಲ್ಲದ ತಿಂಗಳಲ್ಲಿ ಅದರ ಟ್ಯಾಂಕ್ ಖಾಲಿ ಮಾಡಿ, ಉಳಿದದ್ದು ಮುಗಿಯುವವರೆಗೆ ಓಡಿಸಿ ಇಟ್ಟರೆ ಒಳ್ಳೆಯದು.

ಮನೆಯಲ್ಲಿರುವ ಪೈಪು ಬೇಡ

ರೈತರ ಮನೆಯಲ್ಲಿ ಪೈಪಿಗೆ ಬರವಿಲ್ಲ. ಡ್ರಿಪ್ಪಿನ ಲ್ಯಾಟರಲ್ ಇದೆ, ಸ್ಪ್ರೇಯರ್ ಹೋಸ್ ಇದೆ, ಮಟ್ಟ ನೋಡುವ ಪಾರದರ್ಶಕ ಪೈಪು ಇದೆ. ಅಳತೆಗೆ ಸರಿಯಾಗಿ ಸಿಕ್ಕಿದರೆ ಕೈ ತಡೆಯುವುದಿಲ್ಲ. ಇವು ಯಾವುದೂ ಆಗದು. ಪಾರದರ್ಶಕ ಪೈಪನ್ನು ಮೆತ್ತಗೆ ಇಡುವ ಅಂಶವನ್ನು ಪೆಟ್ರೋಲ್ ತೊಳೆದು ತೆಗೆಯುತ್ತದೆ, ಕೆಲವು ವಾರಗಳಲ್ಲಿ ಅದು ಗಾಜಿನ ಹಾಗೆ ಗಟ್ಟಿಯಾಗಿ ಜೋಡಣೆಯಿಂದ ಜಾರುತ್ತದೆ. ಬಿಸಿಗೆ ನಿಲ್ಲುವಂಥದ್ದೂ ಅಲ್ಲ. ಬಿಡಿಭಾಗದ ಅಂಗಡಿಯಲ್ಲಿ ಪೆಟ್ರೋಲಿಗೆಂದೇ ಮಾಡಿದ, ಎಥನಾಲ್ ತಾಳುವ ಹೋಸ್ ಕೇಳಿ. ಹಳೇ ತುಂಡು ಕೊಂಡುಹೋದರೆ ಒಳ ಅಳತೆ ತಪ್ಪುವುದಿಲ್ಲ. ಕಟ್ಟುಕಂಬಿ ಸುತ್ತಿ ಬಿಗಿಯುವುದೂ ಬೇಡ, ಅದು ರಬ್ಬರನ್ನು ಕೊಯ್ಯುತ್ತದೆ. ಸ್ಕ್ರೂ ಕ್ಲಿಪ್ ಹಾಕಿ, ಪೈಪು ತಿರುಗದಷ್ಟು ಬಿಗಿ ಸಾಕು. ನಮ್ಮ ಗಾಡಿಗೆ ಗಾಳಿಯ ಪೈಪು, ದಪ್ಪ ಪೈಪು, ಮುಚ್ಚಳದ ವಾಶರ್, ಕ್ಲಿಪ್ ಎಲ್ಲ ಸೇರಿ ಸಾವಿರದೊಳಗೆ ಮುಗಿಯಿತು. ಬದಲಿಸಿದ್ದು ನಾವಿಬ್ಬರೇ.

ಟ್ಯಾಂಕೇ ತೂತಾದರೆ ದಾರಿಯಲ್ಲಿ ಮನೆಗೆ ತಲುಪುವಷ್ಟಕ್ಕೆ ಬಾರ್ ಸಾಬೂನನ್ನು ಆ ಜಾಗಕ್ಕೆ ಒತ್ತಿ ಉಜ್ಜುವುದು ಹಳೇ ಡ್ರೈವರುಗಳ ಮದ್ದು. ಸಾಬೂನು ಪೆಟ್ರೋಲಿಗೆ ಕರಗದ ಕಾರಣ ಸ್ವಲ್ಪ ಹೊತ್ತು ನಿಲ್ಲುತ್ತದೆ. ಆದರೆ ಬೆಸುಗೆಗೆ ಊರಿನ ಗೇಟು ಮಾಡುವ ವೆಲ್ಡಿಂಗ್ ಅಂಗಡಿಗೆ ಟ್ಯಾಂಕ್ ಕೊಂಡುಹೋಗಬೇಡಿ. ತುಂಬಿದ ಟ್ಯಾಂಕಿಗಿಂತ ಖಾಲಿ ಟ್ಯಾಂಕ್ ಅಪಾಯ, ಒಳಗೆ ಇರುವುದು ಬರೇ ಆವಿ. ಟ್ಯಾಂಕ್ ಬದಲಿಸುವುದೇ ಲೇಸು.

ಪೆಟ್ರೋಲ್ ಖಾಲಿ ಮಾಡಲು ಪೈಪು ಹಾಕಿ ಬಾಯಲ್ಲಿ ಎಳೆಯುವವರು ನಮ್ಮಲ್ಲಿ ಇನ್ನೂ ಇದ್ದಾರೆ. ದಯವಿಟ್ಟು ಬೇಡ. ಹೊಟ್ಟೆಗೆ ಹೋಗುವುದಕ್ಕಿಂತ ಶ್ವಾಸಕೋಶಕ್ಕೆ ಹೋಗುವುದು ದೊಡ್ಡ ಅಪಾಯ, ಒಂದೆರಡು ಹನಿ ಸಾಕು. ಯಾರಾದರೂ ನುಂಗಿದರೆ ವಾಂತಿ ಮಾಡಿಸಬಾರದು, ನೇರ ಆಸ್ಪತ್ರೆಗೆ. ಕೈಪಂಪಿನಂಥದ್ದು ಅಂಗಡಿಯಲ್ಲಿ ಸಿಗದೆ ಇರುವುದಿಲ್ಲ, ಬೆಲೆ ಸ್ವಲ್ಪ ಹೆಚ್ಚಾದರೂ ತನ್ನಿ.

ಹೊಸ ಗಾಡಿ ಇದ್ದವರಿಗೆ

ಕಾರ್ಬರೇಟರ್ ಇಲ್ಲದ, ಇಂಜೆಕ್ಷನ್ ಗಾಡಿಗಳಲ್ಲಿ ಈ ಮನೆಕೆಲಸ ಟ್ಯಾಂಕಿನ ಬಾಯಿ, ಮುಚ್ಚಳ, ಇಲಿ ಕಚ್ಚಿದ್ದು ನೋಡುವಷ್ಟಕ್ಕೇ ಸಾಕು. ಅವುಗಳಲ್ಲಿ ಪೆಟ್ರೋಲ್ ಸುಮಾರು 3 ಬಾರ್ ಒತ್ತಡದಲ್ಲಿರುತ್ತದೆ, ಅಂದರೆ ಮೂವತ್ತು ಮೀಟರ್ ಎತ್ತರದ ಟ್ಯಾಂಕಿನಿಂದ ಬರುವ ನೀರಿನ ಒತ್ತಡ. ಇಂಜಿನ್ ನಿಲ್ಲಿಸಿದ ಮೇಲೂ ಒತ್ತಡ ಉಳಿದಿರುತ್ತದೆ. ಪೈಪು ಸಡಿಲಿಸಿದರೆ ಮುಖಕ್ಕೆ ಚಿಮ್ಮುತ್ತದೆ. ಕಾರ್ಬರೇಟರ್ ಗಾಡಿಯ ಹೋಸ್ ಅಲ್ಲಿ ನಿಲ್ಲುವುದೂ ಇಲ್ಲ. ಅಂಥ ಗಾಡಿಯಲ್ಲಿ ವಾಸನೆ ಬಂದರೆ ಓಡಿಸಿಕೊಂಡು ಹೋಗದೆ, ತಿಳಿದವರನ್ನು ಮನೆಗೇ ಕರೆಸಿ. ಆಗಲೂ ಕ್ಯಾಲೆಂಡರ್ ತೋರಿಸಿ, ಅವರ ಅರ್ಧ ದಿನ ಉಳಿಯುತ್ತದೆ, ನಿಮ್ಮ ದುಡ್ಡೂ.

ನಮ್ಮ ಒಮ್ನಿ ಈಗ ಫುಲ್ ಟ್ಯಾಂಕಿನಲ್ಲೂ ವಾಸನೆ ಬಿಡುವುದಿಲ್ಲ. ಇಲಿ ಕಚ್ಚಿದ ರಿಟರ್ನ್ ಪೈಪನ್ನು ಅದೇ ವಾರ ಬದಲಿಸಿದೆವು. ಇಂಜಿನಿನ ಹತ್ತಿರದ ಉಳಿದ ರಬ್ಬರ್ ತುಂಡುಗಳನ್ನು ಇನ್ನು ಪ್ರತಿ ಮೂರು ವರ್ಷಕ್ಕೆ ಬದಲಿಸುವುದೆಂದು ತಾರೀಕನ್ನು ಸೀಟಿನ ಅಡಿಯಲ್ಲೇ ಪೈಂಟಿನಲ್ಲಿ ಬರೆದಿದ್ದೇನೆ. ಹಿಂಡಿಯ ಗೋಣಿಯನ್ನು ಶೆಡ್ಡಿನಿಂದ ಬೇರೆ ಕಡೆ ಇಟ್ಟ ಮೇಲೆ ಇಲಿಯ ಓಡಾಟವೂ ಕಡಿಮೆ ಆಗಿದೆ.